ಫಿಲ್ಮು ೧೧೪೬

ಟ್ರಾಬ್ಝೋನಿನ ಎದೆರೋಗದ ಆಸ್ಪತ್ರೆ, ನೆಲಮಾಳಿಗೆ.
ಎರಡು ಪರದೆ, ಎರಡು ಕುರ್ಚಿ,
ನಡುವೆ ಸಣ್ಣ ಸೊಂಟದ ಗ್ಲಾಸಿನಲ್ಲಿ ಕೆಂಪು ಚಹಾ.
ನಾನು ಮತ್ತು ಶಾಹಿಂದೆ
ಹೋದ ವರ್ಷ ಕೆಮ್ಮಿದವರ, ಉಬ್ಬಸಪಟ್ಟವರ,
ನೌಕರಿಗೆ ಸರ್ಟಿಫಿಕೇಟು ಬೇಕಿದ್ದವರ
ಎದೆಗಳನ್ನು ಮತ್ತೆ ತೆರೆದು ನೋಡುತ್ತಿದ್ದೇವೆ.
ಈ ಸಲ ಶ್ವಾಸಕೋಶ ಬೇಡ,
ಹೃದಯವೂ ಬೇಡ.
ಬೇಕಾದ್ದು ಮೇಲೆ, ಕೊರಳು ಭುಜಕ್ಕೆ ಇಳಿಯುವಲ್ಲಿ,
ಯಾರೂ ಕಣ್ಣು ನಿಲ್ಲಿಸದ ಮೂಲೆ.

ಕೊರಳಿಗೆ ಏಳು ಮಣಿ.
ಇಲಿಗೂ ಏಳೇ, ಜಿರಾಫೆಗೂ ಏಳೇ,
ಆ ಲೆಕ್ಕದಲ್ಲಿ ಮೇಲಿನವನದು ಬಿಗಿ ಮುಷ್ಟಿ.
ಪಕ್ಕೆಲುಬು ಹುಟ್ಟಬೇಕಾದ್ದು ಎಂಟನೆಯದರಿಂದ.
ಕೆಲವರಲ್ಲಿ ಮಾತ್ರ ಏಳನೆಯದಕ್ಕೂ ಆಸೆ:
ಬಸಿರಿನ ಕತ್ತಲಲ್ಲೇ
ಒಂದು ಕವಲು ಒಡೆದುಬಿಡುತ್ತದೆ,
ಮೊಗ್ಗಿನಷ್ಟು, ಬೆರಳುದ್ದ,
ಒಬ್ಬ ದೋಣಿಯವನಿಗಂತೂ ಎರಡೂ ಕಡೆ,
ಪೂರ್ತಿ ಬಾಗಿ, ಕೆಳಗಿನ ಅಣ್ಣನ ಬೆನ್ನು ಮುಟ್ಟಿತ್ತು.

"ಹಮ್ಸಿ ಮೀನಿನ ಮುಳ್ಳು," ಅನ್ನುತ್ತಾಳೆ ಶಾಹಿಂದೆ,
"ಗಂಟಲಿಗಲ್ಲ, ಕೊರಳಿಗೇ ಸಿಕ್ಕಿಕೊಂಡದ್ದು."

ಗುರುತು ಸುಲಭ.
ಮಣಿಯ ಅಡ್ಡತೋಳು ನೆಲ ನೋಡಿದರೆ ಕೊರಳಿನದು,
ಮುಗಿಲು ನೋಡಿದರೆ ಎದೆಯದು.
ಮೂರು ವಾರದಿಂದ ನಾವು ಕೇಳುತ್ತಿರುವುದು ಇದೊಂದೇ:
ಅಪ್ಪಾ, ಯಾವ ಕಡೆ ನೋಡುತ್ತಿದ್ದೀ?

ಎರಡು ಸಾವಿರದ ಆರುನೂರ ಹದಿಮೂರು ಎದೆ.
ಸಿಕ್ಕಿದ್ದು ಇಪ್ಪತ್ಮೂರು.
ಹೆಂಗಸರು ಹದಿನೈದು, ಗಂಡಸರು ಎಂಟು.
ನೂರಕ್ಕೆ ಒಬ್ಬರೂ ತುಂಬಲಿಲ್ಲ.
ತುಂಬಿದ ಮದುವೆಮನೆಯಲ್ಲಿ ಇಬ್ಬರೋ ಮೂವರೋ
ಒಂದೆಲುಬು ಜಾಸ್ತಿ ಹೊತ್ತು
ಹೊರೋನ್ ಕುಣಿಯುತ್ತಿರಬಹುದು, ತಮಗೇ ಗೊತ್ತಿಲ್ಲದೆ.
ಹಳೆಯ ವರದಿಗಳನ್ನು ತೆಗೆದು ನೋಡಿದೆವು.
ಹತ್ತೊಂಬತ್ತರಲ್ಲಿ ಅದರ ಸೊಲ್ಲೇ ಇಲ್ಲ.
ಆಟಕ್ಕುಂಟು, ಲೆಕ್ಕಕ್ಕಿಲ್ಲ.

ಜಗಳ ಬಂದದ್ದು ಸಾವಿರದ ನೂರ ನಲವತ್ತಾರರಲ್ಲಿ.
ಹೆಂಗಸು. ನಲವತ್ತೊಂದು. ಎಡಗಡೆ.
ಹೆಸರು ಅಳಿಸಿದೆ, ಅದು ನಿಯಮ.
ನಾನಂದೆ: ಎಲುಬು.
ಶಾಹಿಂದೆ: ಅಲ್ಲ, ಉದ್ದಗಾದ ಅಡ್ಡತೋಳು, ಅಷ್ಟೇ,
ನಡುವೆ ಕೀಲಿನ ಗೆರೆ ಎಲ್ಲಿದೆ ತೋರಿಸು.
ದೊಡ್ಡದು ಮಾಡಿದೆ. ಬೆಳಕು ಏರಿಸಿದೆ.
ಗೆರೆ ಇತ್ತು. ಗೆರೆ ಇರಲಿಲ್ಲ.
ಕೊನೆಗೆ ಮ್ಯುಯೆಸ್ಸೆರ್ ಮೇಡಂ ಮೆಟ್ಟಿಲಿಳಿದು ಬಂದು
ಕನ್ನಡಕ ಹಣೆಗೇರಿಸಿ, ಮೂಗು ಪರದೆಗೆ ತಾಗಿಸಿ,
"ಬರೆದುಕೊಳ್ಳಿ," ಅಂದರು,
ಏನೆಂದು ಹೇಳದೆ ಚಹಾಕ್ಕೆ ಹೋದರು.

ನಾವು ಬರೆದುಕೊಂಡೆವು. ಇಪ್ಪತ್ನಾಲ್ಕು.

ಅವಳು ಬಂದದ್ದು ಕೆಮ್ಮಿಗೆ.
ಔಷಧಿ ಕೊಟ್ಟಿದ್ದಾರೆ, ಕೆಮ್ಮು ಹೋಗಿರಬೇಕು.
ಬಟ್ಟೆ ಹರವುವಾಗ ಎಡಗೈ ತಣ್ಣಗಾಗುತ್ತದೆಯೇ,
ಕಿರುಬೆರಳು ಜುಮ್ಮೆನ್ನುತ್ತದೆಯೇ,
ಚಹಾ ತೋಟದಲ್ಲಿ ಕತ್ತರಿ ಜಾರಿ ಬೀಳುತ್ತದೆಯೇ—
ಕೇಳಿದವರಿಲ್ಲ.
ಕೇಳುವ ಹಾಗೂ ಇಲ್ಲ.
ಬಹಳ ಜನಕ್ಕೆ ಏನೂ ಆಗುವುದಿಲ್ಲ, ಅದು ನಿಜ,
ಆ ನಿಜವನ್ನೇ ಹಿಡಿದುಕೊಂಡು
ಕೋಟು ಹಾಕಿ ಮನೆಗೆ ಹೊರಟೆ.

ದೊಲ್ಮುಶ್ ತುಂಬಿತ್ತು.
ಬಾಗಿಲ ಬಳಿ ಒಬ್ಬಳು, ಹೂವಿನ ತಲೆವಸ್ತ್ರ,
ಕಾಲಿನ ನಡುವೆ ಹ್ಯಾಝೆಲ್ ಕಾಯಿಯ ಚೀಲ,
ಎಡಗೈಯಿಂದ ಮೇಲಿನ ಕಂಬಿ ಹಿಡಿದಿದ್ದಳು.
ಎರಡು ನಿಲ್ದಾಣ ಕಳೆದಿರಬೇಕು.
ಕೈ ಇಳಿಸಿದಳು, ನೀರು ಕೊಡವುವ ಹಾಗೆ
ಬೆರಳು ಕೊಡವಿದಳು,
ಬಲಗೈ ಎತ್ತಿ ಹಿಡಿದಳು.

ಯಾರು ಕೊಡವುವುದಿಲ್ಲ ಕೈ.
ನನ್ನ ಹೆಂಡತಿ ಕೊಡವುತ್ತಾಳೆ, ನಾನೂ.
ಆದರೂ ತಲೆವಸ್ತ್ರದ ಕೆಳಗೆ, ಕೊರಳು ಭುಜಕ್ಕಿಳಿಯುವ ಮೂಲೆಗೆ
ಕಣ್ಣು ಹೋಗಿಬಿಟ್ಟಿತು.
ಅವಳು ನೋಡಿದಳು ನಾನು ನೋಡುವುದನ್ನು,
ವಸ್ತ್ರ ಸರಿಮಾಡಿಕೊಂಡಳು.

ಏನಂತ ಹೇಳಲಿ?
ತಾಯೀ, ನಾನು ಅಂಥವನಲ್ಲ,
ಎಲುಬು ಎಣಿಸುವವನು.

ಮೀನುಪೇಟೆಯಲ್ಲಿ ಇಳಿದಳು.
ಚೀಲವನ್ನು ಯಾವ ಭುಜಕ್ಕೆ ಏರಿಸಿದಳೋ
ಬಸ್ಸು ಹೊರಟುಬಿಟ್ಟಿತು, ಕಾಣಲಿಲ್ಲ.